ಅಕಾರಾದಿಯೂ ಅನುಕ್ರಮವೂ

ಕಳೆದ ವರ್ಷ ನಮ್ಮ ಕಾಲೇಜಿನ ವಾಚನಾಲಯವನ್ನು ಸಂಜೆ ಐದು ಗಂಟೆಗೇ ಮುಚ್ಚತಕ್ಕದ್ದೆಂಬ ಮಾತು ಹುಟ್ಟಿ, ಹತ್ತು ಹನ್ನೆರಡು ದಿನ ಗಾಳಿಯಲ್ಲಿ ತೇಲಾಡಿ, ಬಳಿಕ ತಾನಾಗಿಯೇ ಅಡಗಿಹೋದುದು ಸಹಪಾಠಿಗಳಲ್ಲಿ ಅನೇಕರಿಗೆ ನೆನಪಿರಬಹುದು. ಆ ಮಾತು ಹುಟ್ಟಿದ್ದು ನಾನು ತಯಾರಿಸಿದ ಒಂದು ನಕ್ಷೆಯಿಂದ ಎಂಬುದು ಬಹಳ ಮಂದಿಗೆ ತಿಳಿಯದು. ತಿಳಿದವರು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು. ಈ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಮೊದಲು ಆ ಋಣವನ್ನು ತೀರಿಸಿಕೊಳ್ಳುವುದೇ ಸರಿಯೆಂದು ತೋರಿತು. ಆದುದರಿಂದ ಈ ಲೇಖನ ಅರ್ಧ ತಪ್ಪೊಪ್ಪಿಗೆ, ಅರ್ಧ ವಿವರಣೆ.

ನಡೆದುದಿಷ್ಟು. ವಾಚನಾಲಯಕ್ಕೆ ಬಂದುಹೋಗುವವರು ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು, ತರಗತಿ, ವೇಳೆ ಬರೆದು ರುಜು ಮಾಡುವುದು ವಾಡಿಕೆ. ಒಂದು ವರ್ಷದ ಈ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿ, ತಿಂಗಳಿಗೆಷ್ಟು ಮಂದಿ ಓದಲು ಬಂದರೆಂದು ಒಂದು ನಕ್ಷೆ ಮಾಡಿಕೊಡಬೇಕೆಂದು ನನಗೆ ಹೇಳಿದರು. ಅರ್ಥಶಾಸ್ತ್ರದ ವಿದ್ಯಾರ್ಥಿ, ಅಂಕಿ ಅಂಶಗಳ ಹುಚ್ಚು ಬೇರೆ. ಜೊತೆಗೆ ಪವರ್ ಬಿಐ ಎಂಬ ತಂತ್ರಾಂಶವನ್ನು ಆಗತಾನೆ ಕಲಿತಿದ್ದ ಉತ್ಸಾಹ. ಎರಡು ಸಂಜೆಯಲ್ಲಿ ಕೆಲಸ ಮುಗಿಸಿದೆ. ನೀಲಿಯ ಗೆರೆ, ತೆಳುವಾದ ಚೌಕಗಳು, ಕೆಳಗೆ ಓರೆಯಾಗಿ ಸಣ್ಣಕ್ಷರದಲ್ಲಿ ತಿಂಗಳುಗಳ ಇಂಗ್ಲಿಷ್ ಹೆಸರುಗಳು. ನೋಡಲು ಚೆನ್ನಾಗಿತ್ತು. ಅದೇ ಕೇಡಿಗೆ ಮೂಲವಾಯಿತು. ಚೆನ್ನಾಗಿ ಕಾಣುವ ನಕ್ಷೆಯ ಕೆಳಗಿನ ಸಣ್ಣಕ್ಷರವನ್ನು ಯಾರೂ ಓದುವುದಿಲ್ಲ. ಮಾಡಿದವನು ಮೊದಲೇ ಓದುವುದಿಲ್ಲ.

ಗೆರೆಯ ಬಲತುದಿ ಇಳಿಜಾರಾಗಿತ್ತು. ಮೂರು ಮೆಟ್ಟಿಲು ಇಳಿದಂತೆ ಒಂದರ ಹಿಂದೆ ಒಂದು ಬಿಂದು ಕೆಳಕ್ಕೆ ಹೋಗಿ ನಿಂತಿತ್ತು. ಕಾಲವನ್ನು ಎಡದಿಂದ ಬಲಕ್ಕೆ ಓದುವುದು ನಮಗೆಲ್ಲ ರೂಢಿಯಾಗಿರುವುದರಿಂದ, ಬಲತುದಿಯೆಂದರೆ ಇಂದಿನ ಸ್ಥಿತಿಯೆಂದೇ ನೋಡಿದವರೆಲ್ಲರೂ ತಿಳಿದರು. ಓದುವವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಹೀಗಿರುವಾಗ ರಾತ್ರಿ ಎಂಟರವರೆಗೆ ದೀಪ ಉರಿಸಿ, ಒಬ್ಬ ನೌಕರರನ್ನು ಕೂರಿಸಿಕೊಂಡಿರುವುದೇತಕ್ಕೆ? ಪ್ರಶ್ನೆ ನ್ಯಾಯವಾದದ್ದೇ. ನಕ್ಷೆ ನಿಜವಾಗಿದ್ದರೆ ಉತ್ತರವೂ ನ್ಯಾಯವಾದದ್ದೇ ಆಗುತ್ತಿತ್ತು.

ಆದರೆ ಆ ಮೂರು ಗಂಟೆಗಳ ಬೆಲೆ ತಿಳಿದವರು ಬೇರೆ. ಮನೆಯಲ್ಲಿ ಒಂದೇ ಕೋಣೆ, ಅದರಲ್ಲೇ ಅಡಿಗೆ, ಅದರಲ್ಲೇ ಟಿ.ವಿ. ಇರುವವರು; ಮಧ್ಯಾಹ್ನ ಅಂಗಡಿಯಲ್ಲಿ ಲೆಕ್ಕ ಬರೆದು ಸಂಜೆ ಓದಲು ಬರುವವರು; ಏಳೂವರೆಯ ಕೊನೆಯ ಬಸ್ಸಿಗೆ ಕಾಯುತ್ತ ಕುಳಿತಿರುವ ಹಳ್ಳಿಯ ಹುಡುಗಿಯರು. ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಕುಳಿತಿರುವುದಕ್ಕೂ ವಾಚನಾಲಯದಲ್ಲಿ ಕುಳಿತಿರುವುದಕ್ಕೂ ಇರುವ ಅಂತರವನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ನಾನೂ ಆ ಮೊದಲನೆಯ ಗುಂಪಿಗೆ ಸೇರಿದವನು. ನನ್ನ ಕುರ್ಚಿಯನ್ನು ನಾನೇ ಕಿತ್ತುಕೊಳ್ಳುವ ಕೆಲಸ ಮಾಡಿದ್ದೆ.

ತಪ್ಪನ್ನು ಕಂಡುಹಿಡಿದವರು ಅಂಕಿ ಅಂಶ ಓದಿದವರಲ್ಲ. ಅನೇಕ ವರ್ಷಗಳಿಂದ ಆ ಬಾಗಿಲ ಪುಸ್ತಕವನ್ನು ಕಾಯ್ದುಕೊಂಡು ಬಂದಿರುವ ವಾಚನಾಲಯದ ಸಹಾಯಕರು. ನಕ್ಷೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಏನಪ್ಪಾ, ನಿಮ್ಮ ಕಂಪ್ಯೂಟರಿನಲ್ಲಿ ನವೆಂಬರ್ ಆದಮೇಲೆ ಅಕ್ಟೋಬರ್ ಬರುತ್ತದೋ?" ಎಂದರು. ನಾನು ನೋಡಿದೆ. ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎನ್, ಓ, ಎಸ್. ವರ್ಷದ ಕೊನೆಯ ಭಾಗದ ಈ ಮೂರು ತಿಂಗಳುಗಳು ಅಕಾರಾದಿಯಲ್ಲಿ ಸರಿಯಾಗಿ ಹಿಂದುಮುಂದಾಗಿ ಕೂರುತ್ತವೆ. ಗೌರೀಗಣೇಶದ ರಜೆಯ ಸೆಪ್ಟೆಂಬರಿನಲ್ಲಿ ಓದುಗರು ಕಡಿಮೆ. ದಸರೆಯ ಅಕ್ಟೋಬರಿನಲ್ಲಿ ಅದಕ್ಕಿಂತ ಹೆಚ್ಚು. ಪರೀಕ್ಷೆ ಹತ್ತಿರವಾಗುವ ನವೆಂಬರಿನಲ್ಲಿ ಇನ್ನೂ ಹೆಚ್ಚು. ಏರುತ್ತಿದ್ದ ಮೆಟ್ಟಿಲನ್ನು ಯಂತ್ರ ತಿರುಗಿಸಿ ಇಟ್ಟಿತ್ತು. ನಾವದನ್ನು ಇಳಿತವೆಂದು ಓದಿದ್ದೆವು. ಒಂದು ಅಂಕಿಯೂ ತಪ್ಪಾಗಿರಲಿಲ್ಲ. ಕೂಡಿದ ಮೊತ್ತ ಸರಿಯಾಗಿತ್ತು. ಸುಳ್ಳಾಗಿದ್ದುದು ಸಾಲು ಮಾತ್ರ.

ಯಂತ್ರ ಹೀಗೇಕೆ ಮಾಡಿತು? ಅದಕ್ಕೆ ತಿಂಗಳೆಂದರೇನೆಂದು ತಿಳಿಯದು. ನಾನು ಅದರ ಮುಂದೆ ಇಟ್ಟದ್ದು ದಿನಾಂಕಗಳನ್ನಲ್ಲ, ಹೆಸರುಗಳನ್ನು. ಎಂದರೆ ಅಕ್ಷರಗಳ ಗೊಂಚಲುಗಳನ್ನು. ಅಕ್ಷರಗಳನ್ನು ಜೋಡಿಸುವ ಒಂದೇ ದಾರಿ ಅದಕ್ಕೆ ಗೊತ್ತು. ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ, ಜನವರಿ, ಜುಲೈ, ಜೂನ್, ಮಾರ್ಚ್, ಮೇ, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್ ಎಂಬುದೇ ಇಂಗ್ಲಿಷ್ ಅಕಾರಾದಿ. ಕನ್ನಡದಲ್ಲಿ ಬರೆದಿದ್ದರೆ ಬದುಕುತ್ತಿದ್ದೆನೋ ಎಂದು ಪ್ರಯೋಗ ಮಾಡಿ ನೋಡಿದೆ. ಅಕ್ಟೋಬರ್ ಮೊದಲು, ಆಗಸ್ಟ್ ಆಮೇಲೆ, ಏಪ್ರಿಲ್ ಮೂರನೆಯದು; ಜನವರಿ ನಾಲ್ಕನೆಯದು; ಸೆಪ್ಟೆಂಬರ್ ಇಲ್ಲಿಯೂ ಕೊನೆಗೇ. ವಾರಗಳ ಗತಿಯೂ ಇದೇ: ಗುರುವಾರ, ಬುಧವಾರ, ಭಾನುವಾರ, ಮಂಗಳವಾರ, ಶನಿವಾರ, ಶುಕ್ರವಾರ, ಸೋಮವಾರ. ಭಾಷೆ ಬದಲಾದರೆ ಗೊಂದಲದ ರೂಪ ಬದಲಾಗುತ್ತದೆಯೇ ಹೊರತು ಗೊಂದಲ ಹೋಗುವುದಿಲ್ಲ.

ಇಲ್ಲಿ ಒಂದು ಮೂಲಭೂತ ವಿಷಯವನ್ನು ಹೇಳಬೇಕು. ಕೋಷ್ಟಕದ ಸಾಲುಗಳಿಗೆ ಸ್ವಭಾವತಃ ಒಂದು ಕ್ರಮವಿದೆಯೆಂದು ನಾವು ನಂಬಿಕೊಂಡಿರುತ್ತೇವೆ. ಕಾಗದದ ಮೇಲೆ ಬರೆದ ತಖ್ತೆಗೆ ಈ ನಂಬಿಕೆ ಸಲ್ಲುತ್ತದೆ. ಮೊದಲು ಬರೆದದ್ದು ಮೇಲಿರುತ್ತದೆ, ಆಮೇಲೆ ಬರೆದದ್ದು ಕೆಳಗಿರುತ್ತದೆ. ಕಂಪ್ಯೂಟರಿನೊಳಗಿನ ಕೋಷ್ಟಕಕ್ಕೆ ಸಲ್ಲುವುದಿಲ್ಲ. ಐ.ಬಿ.ಎಂ. ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದ. ಇಂದು ಬ್ಯಾಂಕು, ರೈಲ್ವೆ, ಕಚೇರಿಗಳಲ್ಲಿ ದತ್ತಾಂಶವನ್ನು ಕೋಷ್ಟಕಗಳಾಗಿ ಇಡುವ ಪದ್ಧತಿಗೆ ಅದೇ ತಳಪಾಯ. ಅದರಲ್ಲಿ ಅವನು ಹೇಳಿದ ಮಾತುಗಳಲ್ಲೊಂದು, ಸಾಲುಗಳ ಕ್ರಮಕ್ಕೆ ಅರ್ಥವಿಲ್ಲವೆಂಬುದು. ಕೋಷ್ಟಕವೆಂದರೆ ಸಾಲುಗಳ ಒಂದು ಗಣ. ಚೀಲದೊಳಗಿನ ಅಡಿಕೆಗಳಲ್ಲಿ ಮೊದಲನೆಯದು ಯಾವುದು ಎಂದು ಕೇಳುವಂತಿಲ್ಲವಲ್ಲ, ಹಾಗೆ. ಕ್ರಮ ಬೇಕಾದವನು ತಾನೇ ಕೇಳಿ ಪಡೆಯಬೇಕು. ದತ್ತಾಂಶವನ್ನು ಕೇಳುವ ಎಸ್‌ಕ್ಯುಎಲ್ ಭಾಷೆಯಲ್ಲಿ 'ಆರ್ಡರ್ ಬೈ' ಎಂಬ ಪದಗಳು ಇರುವುದೇ ಇದಕ್ಕಾಗಿ. ಕೇಳದೆ ಇದ್ದಲ್ಲಿ ಯಂತ್ರ ತನಗೆ ಸುಲಭವಾದದ್ದನ್ನು ಕೊಡುತ್ತದೆ. ಅದನ್ನು ನಾವು ಸಹಜವೆಂದು ತಿಳಿಯುತ್ತೇವೆ.

ಅಕಾರಾದಿ ಕ್ರಮವೇ ಸಹಜವೆಂಬ ಭಾವನೆಯೂ ನಮ್ಮಲ್ಲಿ ಹಳೆಯದೇನಲ್ಲ. ಅಮರಕೋಶವನ್ನು ಬಾಲ್ಯದಲ್ಲಿ ಉರುಹೊಡೆದ ಹಿರಿಯರನ್ನು ಕೇಳಿನೋಡಿ. ಅದು ಸ್ವರ್ಗದಿಂದ ಆರಂಭವಾಗಿ, ದೇವತೆಗಳು, ಕಾಲ, ಭೂಮಿ, ಪುರ, ಪರ್ವತ, ಮನುಷ್ಯ ಎಂದು ವರ್ಗ ವರ್ಗವಾಗಿ ಸಾಗುತ್ತದೆ. ಅಲ್ಲಿ ಪದಗಳ ಪಕ್ಕದಲ್ಲಿ ಕೂರುವುದು ಅರ್ಥದ ನೆಂಟರು, ಅಕ್ಷರದ ನೆಂಟರಲ್ಲ. ಪಾಣಿನಿಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ನಮ್ಮ ವರ್ಣಮಾಲೆ ಕಂಠದಿಂದ ಹೊರಟು ತುಟಿಯವರೆಗೆ ಕ, ಚ, ಟ, ತ, ಪ ಎಂದು ಬರುತ್ತದೆ. ಇದು ಉಚ್ಚಾರಣೆಯ ಸ್ಥಾನವನ್ನನುಸರಿಸಿದ ಅನುಕ್ರಮ. ಪಾಣಿನಿಯ ವ್ಯಾಕರಣಕ್ಕೆ ಅದು ಸಾಲಲಿಲ್ಲ. 'ಈ ಅಕ್ಷರದಿಂದ ಆ ಅಕ್ಷರದವರೆಗೆ' ಎಂದು ಎರಡೇ ಗುರುತಿನಲ್ಲಿ ಹೇಳಿ ಮುಗಿಸುವಂತಾಗಬೇಕಾದರೆ, ಒಂದೇ ನಿಯಮಕ್ಕೆ ಒಳಪಡುವ ಧ್ವನಿಗಳು ಅಕ್ಕಪಕ್ಕದಲ್ಲಿರಬೇಕು. ಆದ್ದರಿಂದ ಹದಿನಾಲ್ಕು ಶಿವಸೂತ್ರಗಳಲ್ಲಿ ಧ್ವನಿಗಳು ಬೇರೆಯೇ ಸಾಲಿನಲ್ಲಿ ನಿಂತಿವೆ. ಅಕ್ಷರಗಳು ಅವೇ, ಉದ್ದೇಶ ಬೇರೆ, ಕ್ರಮ ಬೇರೆ.

ವಾರದ ದಿನಗಳನ್ನೇ ತೆಗೆದುಕೊಳ್ಳಿ. ಭಾನು, ಸೋಮ, ಮಂಗಳ, ಬುಧ ಎಂಬ ಸಾಲಿಗೆ ಕಾರಣವೇನು? ಗ್ರಹಗಳನ್ನು ನಿಧಾನವಾಗಿ ಚಲಿಸುವುದರಿಂದ ಬೇಗ ಚಲಿಸುವುದರವರೆಗೆ ಇಟ್ಟರೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದಾಗುತ್ತದೆ. ದಿನದ ಇಪ್ಪತ್ತನಾಲ್ಕು ಹೋರೆಗಳಿಗೆ ಇವರು ಸರದಿಯಂತೆ ಅಧಿಪತಿಗಳು. ಬೆಳಗಿನ ಮೊದಲ ಹೋರೆಯ ಅಧಿಪತಿಯ ಹೆಸರೇ ಆ ದಿನದ ಹೆಸರು. ಇಪ್ಪತ್ತನಾಲ್ಕನ್ನು ಏಳರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಆದುದರಿಂದ ಪ್ರತಿದಿನವೂ ಪಟ್ಟಿಯಲ್ಲಿ ಮೂರು ಹೆಜ್ಜೆ ಮುಂದಕ್ಕೆ ಸರಿಯಬೇಕು. ಶನಿಯಿಂದ ಮೂರು ಹೆಜ್ಜೆಗೆ ರವಿ, ರವಿಯಿಂದ ಮೂರಕ್ಕೆ ಚಂದ್ರ, ಅಲ್ಲಿಂದ ತಿರುಗಿ ಬಂದು ಮೂರಕ್ಕೆ ಕುಜ, ಮುಂದೆ ಬುಧ, ಗುರು, ಶುಕ್ರ, ಮತ್ತೆ ಶನಿ. ಕೈಬೆರಳಿನಲ್ಲಿ ಎಣಿಸಿ ನೋಡಬಹುದು. ವಾರದ ಸಾಲು ಹೆಸರಿನಿಂದ ಬಂದುದಲ್ಲ. ಹೆಸರಿನ ಹಿಂದೆ ಕಾಣದಂತೆ ಕುಳಿತ ಒಂದು ಸಂಖ್ಯೆಯಿಂದ ಬಂದುದು. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ತಂತ್ರಾಂಶದವರು ಮಾಡಿರುವ ಉಪಾಯವೂ ಇದೇ.

ಹೆಸರೊಂದು, ಅದರ ಹಿಂದೆ ಕ್ರಮವನ್ನು ಹೇಳುವ ಗುರುತು ಮತ್ತೊಂದು ಎಂಬುದಕ್ಕೆ ನಮ್ಮ ರಾಜ್ಯಾಂಗದಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. ಮೊದಲನೆಯ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿಯನ್ನು ತೆರೆದು ನೋಡಿ. ಆಂಧ್ರ ಪ್ರದೇಶ, ಅಸ್ಸಾಂ, ಬಿಹಾರ, ಗುಜರಾತ್, ಕೇರಳ, ಮಧ್ಯ ಪ್ರದೇಶ ಎಂದು ಇಂಗ್ಲಿಷ್ ಅಕಾರಾದಿಯಲ್ಲಿ ಸರಾಗವಾಗಿ ಬಂದು, ಏಳನೆಯದಾಗಿ ತಮಿಳುನಾಡು, ಎಂಟನೆಯದು ಮಹಾರಾಷ್ಟ್ರ, ಒಂಬತ್ತನೆಯದು ಕರ್ನಾಟಕ, ಹತ್ತನೆಯದು ಒಡಿಶಾ. ಕರ್ನಾಟಕವು ಕೇರಳಕ್ಕಿಂತ ಮೊದಲು ಬರಬೇಕಾಗಿತ್ತಲ್ಲ? ಕಾರಣ ಸುಲಭ. ಏಳನೆಯ ಸ್ಥಾನದಲ್ಲಿದ್ದದ್ದು ಮದರಾಸು, ಒಂಬತ್ತನೆಯದರಲ್ಲಿ ಮೈಸೂರು. 1969ರಲ್ಲಿ ಮದರಾಸು ತಮಿಳುನಾಡಾಯಿತು, 1973ರಲ್ಲಿ ಮೈಸೂರು ಕರ್ನಾಟಕವಾಯಿತು. ಫಲಕದ ಮೇಲಿನ ಹೆಸರನ್ನು ಅಳಿಸಿ ಬರೆದರು, ಕುರ್ಚಿಯನ್ನು ಕದಲಿಸಲಿಲ್ಲ. ನಮ್ಮ ರಾಜ್ಯ ಇಂದಿಗೂ ಆ ಪಟ್ಟಿಯಲ್ಲಿ ಮೈಸೂರಿನ 'ಎಂ' ಅಕ್ಷರದ ಜಾಗದಲ್ಲೇ ಕುಳಿತಿದೆ.

ಜನಗಣತಿಯವರದು ಬೇರೆ ದಾರಿ. ಅವರು ರಾಜ್ಯಗಳನ್ನು ಅಕ್ಷರದಿಂದಲ್ಲ, ಭೂಪಟದಿಂದ ಎಣಿಸಿದ್ದಾರೆ. 2011ರ ಗಣತಿಯಲ್ಲಿ ಜಮ್ಮು ಕಾಶ್ಮೀರ 1, ಹಿಮಾಚಲ 2, ಪಂಜಾಬ್ 3 ಎಂದು ವಾಯವ್ಯದಿಂದ ಹೊರಟು ಇಳಿದುಬಂದು ಕರ್ನಾಟಕಕ್ಕೆ 29, ಕೇರಳಕ್ಕೆ 32, ತಮಿಳುನಾಡಿಗೆ 33. ಈ 29 ಎಂಬುದು ನಮಗೆ ಅಪರಿಚಿತವಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಇದೇ ಸಂಕೇತಗಳನ್ನು ಬಳಸಿಕೊಂಡರು. ನಮ್ಮ ಊರಿನ ಅಂಗಡಿಯ ಬಿಲ್ಲಿನ ಮೇಲಿರುವ ಜಿ.ಎಸ್.ಟಿ. ನೋಂದಣಿ ಸಂಖ್ಯೆಯ ಮೊದಲೆರಡು ಅಂಕಿಗಳನ್ನು ನೋಡಿದರೆ ಸಾಕು. ಜಿಲ್ಲೆಗಳಲ್ಲಿಯೂ ಹಾಗೆಯೇ: 2011ರ ಪಟ್ಟಿಯಲ್ಲಿ ನಮ್ಮ ರಾಜ್ಯದ ಎಣಿಕೆ ಬೆಳಗಾವಿಯ 555ರಿಂದ ಆರಂಭವಾಗಿ ಬಾಗಲಕೋಟೆ, ವಿಜಯಪುರ, ಬೀದರ, ರಾಯಚೂರು ಎಂದು ಉತ್ತರದಲ್ಲಿ ಸುತ್ತಿ, ದಕ್ಷಿಣಕ್ಕಿಳಿದು, 577ಕ್ಕೆ ಮೈಸೂರು, 578ಕ್ಕೆ ಚಾಮರಾಜನಗರವನ್ನು ಮುಟ್ಟುತ್ತದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ 579 ಕಲಬುರಗಿ, 580 ಯಾದಗಿರಿ, 581 ಕೋಲಾರ, 582 ಚಿಕ್ಕಬಳ್ಳಾಪುರ, 583 ಬೆಂಗಳೂರು ಗ್ರಾಮಾಂತರ, 584 ರಾಮನಗರ ಎಂದು ಬಾಲವೊಂದು ಬೆಳೆದಿದೆ. 2001ರ ಗಣತಿಗೂ 2011ರ ಗಣತಿಗೂ ನಡುವೆ ಒಡೆದು ಎರಡಾದ ಮೂರು ಜಿಲ್ಲೆಗಳು, ತಾಯಿಯೂ ಮಗುವೂ ಜೊತೆಯಾಗಿ, ಕೊನೆಗೆ ಹೋಗಿ ನಿಂತಿವೆ. ಕ್ರಮಸಂಖ್ಯೆಯನ್ನು ಓದಬಲ್ಲವನಿಗೆ ಅದೇ ಒಂದು ಚಿಕ್ಕ ಇತಿಹಾಸ. ಆ ಪಟ್ಟಿಯನ್ನು ಅಕಾರಾದಿಗೆ ತಿರುಗಿಸಿದರೆ ಭೂಪಟವೂ ಅಳಿಸಿಹೋಗುತ್ತದೆ, ಇತಿಹಾಸವೂ ಅಳಿಸಿಹೋಗುತ್ತದೆ.

ಇನ್ನು ತಂತ್ರಾಂಶದ ಕಡೆಗೆ ಬರೋಣ. ಪವರ್ ಬಿಐ, ಟ್ಯಾಬ್ಲೋ ಮುಂತಾದವನ್ನು ಬಿಸಿನೆಸ್ ಇಂಟೆಲಿಜೆನ್ಸ್ ತಂತ್ರಾಂಶಗಳೆಂದು ಕರೆಯುತ್ತಾರೆ. ಹೆಸರು ದೊಡ್ಡದು; ಕೆಲಸ ಮಾತ್ರ ಹಳೆಯ ಶಿರಸ್ತೇದಾರರದೇ: ರಾಶಿ ಬಿದ್ದ ದಾಖಲೆಗಳನ್ನು ಕೂಡಿಸಿ, ವಿಂಗಡಿಸಿ, ಮೇಲಿನವರ ಮುಂದೆ ಒಂದು ಪುಟದಲ್ಲಿ ಇಡುವುದು. ಮೈಕ್ರೋಸಾಫ್ಟ್ ಸಂಸ್ಥೆ ಪವರ್ ಬಿಐಯನ್ನು 2015ರಲ್ಲಿ ಸಾರ್ವಜನಿಕರ ಬಳಕೆಗೆ ಬಿಡುಗಡೆ ಮಾಡಿತು. ಅದರ ಡೆಸ್ಕ್‌ಟಾಪ್ ರೂಪ ಉಚಿತವಾದ್ದರಿಂದ ನನ್ನಂಥವರ ಕೈಗೂ ಎಟುಕಿತು. ಅದರಲ್ಲಿ ನನ್ನ ರೋಗಕ್ಕೆ ಮದ್ದು ಹೀಗಿದೆ. ತಿಂಗಳ ಹೆಸರಿನ ಕಾಲಂ ಪಕ್ಕದಲ್ಲಿ ಅಂಕಿಯ ಇನ್ನೊಂದು ಕಾಲಂ ಇಡಬೇಕು. ಜನವರಿಗೆ 1, ಡಿಸೆಂಬರಿಗೆ 12. ಬಳಿಕ ಹೆಸರಿನ ಕಾಲಮನ್ನು ಆರಿಸಿಕೊಂಡು, ಮೇಲಿನ 'ಕಾಲಂ ಟೂಲ್ಸ್' ಪಟ್ಟಿಯಲ್ಲಿ 'ಸಾರ್ಟ್ ಬೈ ಕಾಲಂ' ಎಂಬುದನ್ನು ಒತ್ತಿ, ಅಂಕಿಯ ಕಾಲಮನ್ನು ತೋರಿಸಬೇಕು. ಅಷ್ಟೇ. ನಕ್ಷೆಯಲ್ಲಿ ಕಾಣುವುದು ಹೆಸರು. ಹಿಂದೆ ನಿಂತು ಸಾಲು ಹಿಡಿಸುವುದು ಅಂಕಿ. ಅಂಕಿಯ ಕಾಲಮನ್ನು ನೋಡುಗರ ಕಣ್ಣಿಗೆ ಬೀಳದಂತೆ ಮರೆಮಾಡಲೂಬಹುದು.

ಯಾವ ತಿಂಗಳು ಒಂದನೆಯದು ಎಂಬುದು ಮಾತ್ರ ಯಂತ್ರ ಹೇಳುವ ಮಾತಲ್ಲ. ಖಜಾನೆಯವರಿಗೆ ವರ್ಷ ಏಪ್ರಿಲಿನಲ್ಲಿ ಹುಟ್ಟುತ್ತದೆ. ಅವರಿಗಾದರೆ ಏಪ್ರಿಲಿನಿಂದ ಡಿಸೆಂಬರಿನವರೆಗೆ ತಿಂಗಳ ಸಂಖ್ಯೆಯಿಂದ 3 ಕಳೆಯಬೇಕು, ಜನವರಿಯಿಂದ ಮಾರ್ಚಿಗೆ 9 ಕೂಡಬೇಕು. ಆಗ ಏಪ್ರಿಲ್ 1, ಮಾರ್ಚ್ 12. ನಮ್ಮ ವಾಚನಾಲಯದ ಪುಸ್ತಕ ಜೂನಿನಿಂದ ಆರಂಭವಾಗುವುದರಿಂದ ಜೂನಿನ ಮೇಲೆ 5 ಕಳೆದೆ, ಮೇ ತಿಂಗಳವರೆಗಿನವಕ್ಕೆ 7 ಕೂಡಿದೆ. ಪಂಚಾಂಗದವರಿಗೆ ಚೈತ್ರ ಒಂದು. ಒಂದೇ ದಾಖಲೆಗೆ ಇಷ್ಟು ಮಂದಿ ಒಡೆಯರಿರುವಾಗ, ಯಾರ ಕಣ್ಣಿಗಾಗಿ ತಖ್ತೆ ಎಂಬುದನ್ನು ಮೊದಲು ಕೇಳಿಕೊಳ್ಳದೆ ನಿರ್ವಾಹವಿಲ್ಲ.

ಈ ಮದ್ದಿಗೂ ಪಥ್ಯವುಂಟು. ಒಂದು ಹೆಸರಿಗೆ ಒಂದೇ ಅಂಕಿ ಇರಬೇಕು. ಎರಡು ವರ್ಷದ ದಾಖಲೆಯನ್ನು ಒಟ್ಟಿಗೆ ಇಟ್ಟುಕೊಂಡು, 'ಜೂನ್' ಎಂಬ ಹೆಸರಿಗೆ ಒಂದು ಕಡೆ 202306 ಎಂದೂ ಇನ್ನೊಂದು ಕಡೆ 202406 ಎಂದೂ ಕೊಟ್ಟರೆ ಪವರ್ ಬಿಐ ಒಪ್ಪುವುದಿಲ್ಲ, ದೋಷವೆಂದು ನಿಲ್ಲಿಸಿಬಿಡುತ್ತದೆ. ನಿಲ್ಲಿಸುವುದು ನ್ಯಾಯವೇ; ಒಬ್ಬ ಹುಡುಗನಿಗೆ ಎರಡು ಕ್ರಮಸಂಖ್ಯೆ ಕೊಟ್ಟರೆ ಅವನನ್ನು ಯಾವ ಬೆಂಚಿನಲ್ಲಿ ಕೂರಿಸುವುದು? ಹೆಸರನ್ನೇ 'ಜೂನ್ 2023', 'ಜೂನ್ 2024' ಎಂದು ಬೇರೆ ಬೇರೆ ಮಾಡಿದರೆ ತಕರಾರಿಲ್ಲ. ಎರಡನೆಯದು, ತಿಂಗಳ ಹೆಸರನ್ನೇ ನೋಡಿ ಅಂಕಿ ಹುಟ್ಟಿಸುವ ಸೂತ್ರವನ್ನು ಅದೇ ಕೋಷ್ಟಕದಲ್ಲಿ ಬರೆದು, ಆಮೇಲೆ ಆ ಅಂಕಿಯಿಂದ ಹೆಸರನ್ನು ಜೋಡಿಸು ಎಂದರೆ, ಮಗನಿಂದ ತಂದೆ ಹುಟ್ಟಿದಂತೆ ಚಕ್ರವಾಗುತ್ತದೆ. ಯಂತ್ರ ಅದನ್ನೂ ನಿರಾಕರಿಸುತ್ತದೆ. ಅಂಕಿಯನ್ನು ದಿನಾಂಕದಿಂದ ಪಡೆಯಬೇಕು, ಇಲ್ಲವೆ ದಾಖಲೆಯನ್ನು ಒಳಕ್ಕೆ ತರುವ ಹಂತದಲ್ಲೇ ಸಿದ್ಧಮಾಡಿಕೊಳ್ಳಬೇಕು. ಮೂರನೆಯದು ಸ್ವಲ್ಪ ಮುಂದುವರಿದವರಿಗೆ: ಹೆಸರಿನ ಹಿಂದೆ ಹೀಗೆ ಅಂಕಿಯೊಂದು ನಿಂತಮೇಲೆ, ನಕ್ಷೆಯಲ್ಲಿ ಹೆಸರಿನ ಜೊತೆಗೆ ಅದೂ ಬಂದು ಸೇರಿಕೊಳ್ಳುತ್ತದೆ. 'ಎಲ್ಲ ತಿಂಗಳ ಮೊತ್ತದಲ್ಲಿ ಈ ತಿಂಗಳ ಪಾಲೆಷ್ಟು' ಎಂದು ಲೆಕ್ಕ ಹಾಕುವಾಗ ಹೆಸರಿನ ಕಟ್ಟನ್ನು ಮಾತ್ರ ಬಿಚ್ಚಿದರೆ ಸಾಲದು, ಅಂಕಿಯ ಕಟ್ಟನ್ನೂ ಬಿಚ್ಚಬೇಕು. ಇಲ್ಲವಾದರೆ ಪ್ರತಿ ತಿಂಗಳಿಗೂ ನೂರಕ್ಕೆ ನೂರು ಬಂದು ಕೂರುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಇತರ ತಂತ್ರಾಂಶಗಳ ಮಾತು ಬೇಗ ಮುಗಿಯುತ್ತದೆ. ಎಕ್ಸೆಲ್‌ನಲ್ಲಿ 'ಕಸ್ಟಮ್ ಲಿಸ್ಟ್' ಎಂಬ ಏರ್ಪಾಡಿದೆ. ವಾರ, ತಿಂಗಳುಗಳ ಇಂಗ್ಲಿಷ್ ಪಟ್ಟಿ ಅದರಲ್ಲಿ ಮೊದಲೇ ಇರುತ್ತದೆ, ನಮ್ಮದನ್ನು ನಾವು ಸೇರಿಸಬಹುದು. ಟ್ಯಾಬ್ಲೋದಲ್ಲಿ ಹೆಸರುಗಳನ್ನು ಕೈಯಿಂದಲೇ ಎಳೆದು ಮೇಲೆ ಕೆಳಗೆ ಮಾಡಬಹುದು. ಇನ್ನು ಕೆಲವರು ಅಡ್ಡದಾರಿಯೊಂದನ್ನು ಹಿಡಿಯುತ್ತಾರೆ. ಮೊದಲು ಬರಬೇಕಾದ ಹೆಸರಿನ ಹಿಂದೆ ಕಣ್ಣಿಗೆ ಕಾಣದ ಖಾಲಿ ಜಾಗಗಳನ್ನು ತುಂಬುತ್ತಾರೆ. ಖಾಲಿ ಜಾಗ ಅಕ್ಷರಕ್ಕಿಂತ ಮೊದಲು ಬರುವುದರಿಂದ ಸಾಲೇನೋ ಸರಿಯಾಗುತ್ತದೆ. ಆದರೆ ಆಮೇಲೆ ಬಂದವನು ಅದೇ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಇದು ದಾಖಲೆಯನ್ನೇ ಕೆಡಿಸುವ ಕೆಲಸ, ನನಗೆ ಸರಿಕಾಣಲಿಲ್ಲ.

ತಿಂಗಳು, ವಾರಗಳಲ್ಲಿ ತಪ್ಪಾದರೆ ಯಾರಾದರೊಬ್ಬರು ಗುರುತಿಸುತ್ತಾರೆ. ಗುರುತಿಸಲಾಗದಂಥವೂ ಇವೆ. ಅಭಿಪ್ರಾಯ ಕೇಳುವ ಪತ್ರಗಳಲ್ಲಿ ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಎಂಬ ನಾಲ್ಕು ಉತ್ತರಗಳಿರುವುದುಂಟು. ಅಕಾರಾದಿಯಲ್ಲಿ ಅತ್ಯುತ್ತಮ, ಉತ್ತಮ ಸರಿಯಾಗಿಯೇ ಬಂದು ನಂಬಿಕೆ ಹುಟ್ಟಿಸುತ್ತವೆ. ಬಳಿಕ ಕಳಪೆ ಮೂರನೆಯದಾಗಿ, ಸಾಧಾರಣ ಕೊನೆಯದಾಗಿ ನಿಲ್ಲುತ್ತವೆ. ಮೇಲಿನ ಎರಡನ್ನು ನೋಡಿದವನು ಕೆಳಗಿನ ಎರಡನ್ನು ಪರೀಕ್ಷಿಸುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಅರ್ಧ ಸರಿಯಾದ ಸಾಲು ಪೂರ್ತಿ ತಪ್ಪಾದ ಸಾಲಿಗಿಂತ ಅಪಾಯಕಾರಿ. ಕ್ರೀಡಾಪಟುಗಳಿಗೆ ಅಂಗಿ ಹೊಲಿಸುವ ಪಟ್ಟಿಯಲ್ಲಿ ಅಳತೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ದೊಡ್ಡದು, ಮಧ್ಯಮ, ಸಣ್ಣದು ಎಂದು ಇಳಿದು ಕೊನೆಗೆ ಅತಿ ದೊಡ್ಡದು ಬರುತ್ತದೆ. ಅಂಕಿಗಳೂ, ಅಕ್ಷರಗಳೆಂದು ನಮೂದಾಗಿದ್ದರೆ, 1, 10, 11, 2, 20, 3 ಎಂದು ನಡೆಯುತ್ತವೆ. ಕನ್ನಡ ಅಂಕಿಗಳಲ್ಲಿ ಬರೆದ ೧೦ ಕೂಡ ೨ಕ್ಕಿಂತ ಮುಂಚೆ ನುಗ್ಗುತ್ತದೆ. ಹಿಂದಿನ ಗುಮಾಸ್ತರು 001, 002 ಎಂದು ಸೊನ್ನೆ ತುಂಬಿ ಬರೆಯುತ್ತಿದ್ದುದನ್ನು ನಾವು ಹಾಸ್ಯ ಮಾಡುತ್ತಿದ್ದೆವು. ಅವರು ಬುದ್ಧಿವಂತರು.

ಕನ್ನಡದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಭಾಷಾವಿಭಾಗದ ಮಿತ್ರರು ಗಮನಿಸಬೇಕಾದದ್ದು. ನಮ್ಮ ವರ್ಣಮಾಲೆಯಲ್ಲಿ ಳ ಎಂಬುದು ಹಕಾರದ ನಂತರ ಬರುತ್ತದೆಂದು ಒಂದನೆಯ ತರಗತಿಯಲ್ಲಿಯೇ ಕಲಿತಿದ್ದೇವೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಒಂದೊಂದು ಸಂಕೇತಸಂಖ್ಯೆಯಿದೆ. ಅಲ್ಲಿ ಳಕಾರದ ಸಂಖ್ಯೆ ಲಕಾರಕ್ಕೂ ವಕಾರಕ್ಕೂ ನಡುವೆ ಬಿದ್ದಿದೆ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು ಇರಲೆಂದು 1988ರಲ್ಲಿ ಸಿದ್ಧವಾದ ಇಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಳಕಾರವನ್ನು ಲಕಾರದ ಪಕ್ಕದಲ್ಲಿಟ್ಟಿದ್ದರು. 1991ರ ಯೂನಿಕೋಡ್ ಅದನ್ನೇ ಅನುಸರಿಸಿತು. ಪರಿಣಾಮವೇನೆಂದರೆ, ಕೇವಲ ಸಂಕೇತಸಂಖ್ಯೆಯನ್ನು ನೋಡಿ ಜೋಡಿಸುವ ತಂತ್ರಾಂಶದಲ್ಲಿ ಮಳವಳ್ಳಿ ಮೊದಲು, ಮಸ್ಕಿ ಆಮೇಲೆ. ನಮ್ಮ ವರ್ಣಮಾಲೆಯಂತೆ ಮಸ್ಕಿಯೇ ಮೊದಲು ಬರಬೇಕು. ಒತ್ತಕ್ಷರದ ವಿಷಯದಲ್ಲಿ ಮಾತ್ರ ಅದೃಷ್ಟ ನಮ್ಮ ಕಡೆಗಿದೆ: ಹಲಂತದ ಗುರುತಿಗೆ ಸ್ವರಚಿಹ್ನೆಗಳ ನಂತರದ ಸಂಖ್ಯೆ ಸಿಕ್ಕಿರುವುದರಿಂದ, ಕೌಶಲ ಆದಮೇಲೆ ಕ್ರಮ ಬರುತ್ತದೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಕ್ರಮವೂ ಅದೇ. ಆಯಾ ಭಾಷೆಗೆ ತಕ್ಕಂತೆ ಜೋಡಿಸುವ ನಿಯಮಗಳನ್ನು ಯೂನಿಕೋಡಿನವರು ಬೇರೆಯಾಗಿ ರಚಿಸಿದ್ದಾರೆ. ಆದರೆ ಎಲ್ಲ ತಂತ್ರಾಂಶಗಳೂ ಆ ನಿಯಮಗಳನ್ನು ಕೇಳುವುದಿಲ್ಲ. ಕೇಳದಿದ್ದಲ್ಲಿ ಮತ್ತೆ ಅದೇ ಉಪಾಯ: ಪಕ್ಕದಲ್ಲೊಂದು ಅಂಕಿಯ ಕಾಲಂ.

ನಕ್ಷೆಯನ್ನು ತಿದ್ದಿದೆ. ಜೂನಿನಿಂದ ಮೇವರೆಗೆ ಸಾಲು ಹಿಡಿಸಿದಾಗ ಎರಡು ಗುಡ್ಡಗಳು ಎದ್ದುನಿಂತವು, ಎರಡು ಪರೀಕ್ಷೆಗಳ ಮುಂದೆ ಒಂದೊಂದು. ಅಷ್ಟಕ್ಕೆ ನಿಲ್ಲದೆ, ಬಾಗಿಲ ಪುಸ್ತಕದಲ್ಲಿದ್ದ ವೇಳೆಯನ್ನೂ ಏರಿಸಿ, ಸಂಜೆ ಐದರ ನಂತರ ಬಂದವರದು ಬೇರೆ ಗೆರೆ ಎಳೆದೆ. ಗುಡ್ಡ ಎತ್ತರವಾದ ತಿಂಗಳುಗಳಲ್ಲಿ ಆ ಗೆರೆಯೂ ಎತ್ತರವಾಗಿತ್ತು. ಎರಡು ನಕ್ಷೆಗಳನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಹೋಗಿ, ಮೊದಲನೆಯದು ನನ್ನ ತಪ್ಪೆಂದು ಒಪ್ಪಿಕೊಂಡೆ. ಸಮಿತಿಯ ಹಿರಿಯರು ಬಹಳ ಹೊತ್ತು ಎರಡನ್ನೂ ನೋಡಿದರು. "ಅಂಕಿಗಳು ಅವೇ ತಾನೆ?" ಎಂದು ಎರಡು ಸಲ ಕೇಳಿದರು. ಅವೇ ಎಂದೆ. ಸೂಚನೆ ಹೊರಡಲಿಲ್ಲ.

ವಾಚನಾಲಯದ ಸಹಾಯಕರಿಗೆ ಕೃತಜ್ಞತೆ ಹೇಳಲು ಹೋದಾಗ, ಹೊಸದಾಗಿ ಕಲಿತ ಅಂಕಿಯ ಕಾಲಮಿನ ವಿಷಯವನ್ನು ಹೆಮ್ಮೆಯಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಬಾಗಿಲ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ಎಡಗಡೆಯ ಮೊದಲನೆಯ ಕಾಲಮಿನ ಮೇಲೆ ಬೆರಳಿಟ್ಟರು. 'ಕ್ರ. ಸಂ.' ಎಂದು ಬರೆದಿತ್ತು. ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವಾಗ ಅದೊಂದನ್ನು, ಅನಗತ್ಯವೆಂದು, ನಾನು ಬಿಟ್ಟುಬಿಟ್ಟಿದ್ದೆ.

ಜೂನ್, ಏಪ್ರಿಲ್, ಚೈತ್ರ ಮೂರರಿಂದಲೂ ಆರಂಭವಾಗುವ ತಿಂಗಳ ಕ್ರಮಸಂಖ್ಯೆಗಳ ಚಿಕ್ಕ ಕೋಷ್ಟಕವೊಂದನ್ನು ಮಾಡಿಟ್ಟುಕೊಂಡಿದ್ದೇನೆ. ಬೇಕಾದ ಸಹಪಾಠಿಗಳೂ ಅಧ್ಯಾಪಕರೂ ನನ್ನಿಂದ ಪಡೆದುಕೊಳ್ಳಬಹುದು. ಸಂಜೆ ಐದರ ನಂತರ ವಾಚನಾಲಯದಲ್ಲಿ, ಕಿಟಕಿಯ ಪಕ್ಕದ ಮೇಜಿನ ಬಳಿ ಇರುತ್ತೇನೆ.